ನಾನೂರು ಜನಕ್ಕೊಬ್ಬರು, ನಲವತ್ತೆರಡು ಸಾವಿರಕ್ಕೊಬ್ಬರು: ಉತ್ತರ ಬೆಂಗಳೂರಿನ ಪ್ರಜಾಪ್ರಭುತ್ವದ ಹಾದಿ

ಯಶವಂತಪುರ ದಾಟಿ ಜಾಲಹಳ್ಳಿಯ ಕಡೆ ಹೊರಟರೆ ಬಿಇಎಲ್ ಕಾರ್ಖಾನೆ ಸಿಗುತ್ತದೆ. ದೇಶದ ಮತಯಂತ್ರ ತಯಾರಿಸುವ ಎರಡು ಸರ್ಕಾರಿ ಉದ್ದಿಮೆಗಳಲ್ಲಿ ಇದೂ ಒಂದು. ನೀಲಿ ಗುಂಡಿ ಒತ್ತುತ್ತೇವೆ, ಕೆಂಪು ದೀಪ ಹತ್ತುತ್ತದೆ, ಪಕ್ಕದ ವಿವಿಪ್ಯಾಟ್‌ನ ಕಿಂಡಿಯಲ್ಲಿ ಏಳು ಸೆಕೆಂಡು ಚೀಟಿ ಕಾಣಿಸಿ ಒಳಗೆ ಬೀಳುತ್ತದೆ. ಅಲ್ಲಿಗೆ ಮತದಾನ ಮುಗಿಯಿತು. ನಾಳೆ ನಮ್ಮ ಬೀದಿಯ ಮೋರಿ ಕಟ್ಟಿಕೊಂಡರೆ ಯಾರ ಮನೆ ಬಾಗಿಲು ತಟ್ಟಬೇಕು? ಉತ್ತರ ಬೆಂಗಳೂರಿನ ಪ್ರಜಾಪ್ರಭುತ್ವ ನಡೆದುಬಂದ ಹಾದಿಯನ್ನು ಈ ಪ್ರಶ್ನೆ ಇಟ್ಟುಕೊಂಡೇ ನೋಡಬೇಕು.

ಹಾದಿಯ ಮೊದಲ ಮೈಲಿಗಲ್ಲು ಮೈಸೂರಿನಲ್ಲಿದೆ. 1881ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಬಂದವರು 144 ಮಂದಿ; ಹೆಚ್ಚಿನವರು ಭೂಮಿಯುಳ್ಳವರು, ವ್ಯಾಪಾರಸ್ಥರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಆದರೂ ಊರಿನ ಕಷ್ಟವನ್ನು ಸರ್ಕಾರದ ಎದುರು ಎದ್ದುನಿಂತು ಹೇಳುವುದು ಪ್ರಜೆಯ ಹಕ್ಕು ಎಂಬ ತಿಳಿವಳಿಕೆ ಅಲ್ಲಿ ಬೇರುಬಿಟ್ಟಿತು. 1891ರಲ್ಲಿ ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂತು, 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು, 1923ರ ಸುಧಾರಣೆ ಮಹಿಳೆಯರ ಮತದಾನಕ್ಕೂ ದಾರಿ ತೆರೆಯಿತು. ಆದರೆ ಆಸ್ತಿಯಿಲ್ಲದ ಬಹುಜನ ಹೊರಗೇ ಉಳಿದಿದ್ದರು.

ಸ್ವಾತಂತ್ರ್ಯದ ಬಳಿಕ ಆ ಗೋಡೆ ಬಿತ್ತು. 1949ರಲ್ಲಿ ನಗರ, ದಂಡು (ಕಂಟೋನ್ಮೆಂಟ್) ಎರಡೂ ಸೇರಿ ಬೆಂಗಳೂರು ನಗರಪಾಲಿಕೆಯಾಯಿತು. 1952ರ ಹೊತ್ತಿಗೆ ವಯಸ್ಸಿಗೆ ಬಂದ ಪ್ರತಿಯೊಬ್ಬರ ಕೈಗೂ ಮತ ಬಂದಿತ್ತು. ಯಲಹಂಕ, ಹೆಬ್ಬಾಳಗಳು ಆಗಿನ್ನೂ ಕೆರೆ ಕೆಳಗಿನ ಊರುಗಳು. ಮುಂದೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಯಲಹಂಕ ಕ್ಷೇತ್ರ ಬಿ. ಬಸವಲಿಂಗಪ್ಪನವರನ್ನು ವಿಧಾನಸಭೆಗೆ ಕಳಿಸಿತು. ಸಚಿವರಾಗಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ತೊಲಗಿಸಲು ಪಣತೊಟ್ಟವರು ಅವರು. ಹೊರಗಿಟ್ಟವರ ಕೈಗೆ ಮತ ಬಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅಧಿಕಾರವನ್ನು ಊರಬಾಗಿಲಿಗೆ ತಂದದ್ದು ರಾಜ್ಯದ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್. ಅವರು ರೂಪಿಸಿದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಕಾಲು ಭಾಗ ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಆಗ ಬೆಂಗಳೂರು ಗ್ರಾಮಾಂತರ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಾಗಿದ್ದ ಸಿ. ನಾರಾಯಣಸ್ವಾಮಿ 1996ರಲ್ಲಿ ಬೆಂಗಳೂರು ಉತ್ತರದ ಸಂಸದರಾದರು. ಸಂವಿಧಾನದ 73ನೇ ತಿದ್ದುಪಡಿಯ ನಂತರ ಬಂದ 1993ರ ಪಂಚಾಯತ್ ರಾಜ್ ಕಾಯ್ದೆ 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರೆಂದು ಗೊತ್ತುಮಾಡಿತು. ಆರು ತಿಂಗಳಿಗೊಮ್ಮೆ ಗ್ರಾಮಸಭೆ ಕಡ್ಡಾಯವಾಯಿತು. ಲೆಕ್ಕ ಕೇಳುವ ಹಕ್ಕು ಕಾಗದದ ಮೇಲಾದರೂ ಪ್ರತಿ ಹಳ್ಳಿಗೆ ದಕ್ಕಿತು.

2007ರಲ್ಲಿ ದಿಕ್ಕು ಬದಲಾಯಿತು. ಹಳೆಯ ಪಾಲಿಕೆಯ ಜೊತೆಗೆ ಯಲಹಂಕ, ಬ್ಯಾಟರಾಯನಪುರ ಸೇರಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಕೂಡಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. 2010ರಲ್ಲಿ 198 ವಾರ್ಡುಗಳಿಗೆ ಚುನಾವಣೆ ನಡೆಯಿತು. 2011ರ ಜನಗಣತಿಯ 84 ಲಕ್ಷ ಜನರನ್ನು ಅಷ್ಟು ವಾರ್ಡಿಗೆ ಹಂಚಿ ನೋಡಿ: ಒಬ್ಬ ಕಾರ್ಪೊರೇಟರ್‌ಗೆ ಸುಮಾರು 42 ಸಾವಿರ ಜನ. ಪಂಚಾಯಿತಿಯಲ್ಲಿ 400 ಜನಕ್ಕೊಬ್ಬರಿದ್ದ ಹಳ್ಳಿಗಾಡು ನಗರ ಸೇರಿದ ಮಾತ್ರಕ್ಕೆ ತನ್ನ ಪ್ರತಿನಿಧಿಯಿಂದ ನೂರು ಪಟ್ಟು ದೂರ ಸರಿಯಿತು, ಗ್ರಾಮಸಭೆಯನ್ನೂ ಕಳೆದುಕೊಂಡಿತು. ರಸ್ತೆ, ದೀಪ, ನಲ್ಲಿ ನೀರು ಬರುತ್ತದೆಂಬ ಭರವಸೆಯಲ್ಲಿ ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ದೂರದ ಜೊತೆಗೆ ಅಧಿಕಾರವೂ ಚದುರಿಹೋಗಿತ್ತು. ನೀರು ಜಲಮಂಡಳಿಯದು, ವಿದ್ಯುತ್ತು ಬೆಸ್ಕಾಂನದು, ದೊಡ್ಡ ಯೋಜನೆಗಳು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದವು (ಬಿಡಿಎ). ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟಹೊರಟದ್ದೂ ಬಿಡಿಎಯೇ. ವೆಚ್ಚ 1,791 ಕೋಟಿ ರೂಪಾಯಿ, ಉರುಳಬೇಕಿದ್ದ ಮರಗಳು 812. ಚುನಾಯಿತ ಪಾಲಿಕೆ ಇದ್ದರೂ ಪ್ರಶ್ನೆ ಬೀದಿಯಲ್ಲೇ ಏಳಬೇಕಾಯಿತು. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಮಂದಿ ಆ ಹಾದಿಯುದ್ದಕ್ಕೂ ಕೈಕೈ ಹಿಡಿದು ನಿಂತರು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ನಮ್ಮ ಜನಕ್ಕೆ ಊರಿನ ಗೊಡವೆ ಬೇಡ ಎನ್ನುವವರು ಆ ಭಾನುವಾರವನ್ನು ಮರೆಯಬಾರದು.

ದಿನನಿತ್ಯದ ಭಾಗವಹಿಸುವಿಕೆಗೆ ಇರುವ ಸಾಧನ ವಾರ್ಡ್ ಸಮಿತಿ. 74ನೇ ತಿದ್ದುಪಡಿ ಇದನ್ನು ವಿಧಿಸಿದರೂ ಬೆಂಗಳೂರಿನಲ್ಲಿ ಅದು ಜೀವತಳೆದದ್ದು ಹೈಕೋರ್ಟ್ ಪಟ್ಟುಹಿಡಿದ ಮೇಲೆಯೇ. ಬಿಬಿಎಂಪಿ ಕಾಲದಲ್ಲಿ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಸದಸ್ಯರು ಇರಬೇಕಿತ್ತು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿ ಸಂಘದವರು. ಇಂಥ ಸಭೆಯಲ್ಲಿ ಮಾತಾಡುವುದು ಬೀದಿದೀಪ, ಚರಂಡಿಯ ಹೂಳು, ಕಸದ ಆಟೋ ಬರುವ ಹೊತ್ತು. ಸಣ್ಣ ವಿಷಯಗಳೆಂದು ತಳ್ಳಿಹಾಕಬಾರದು. ಎಂಜಿನಿಯರ್ ಎದುರು ಕುಳಿತು ಬಿಲ್ಲಿನ ಮೊತ್ತ ಕೇಳಲು ಕಲಿತವರನ್ನು ಮುಂದಿನ ಚುನಾವಣೆಯಲ್ಲಿ ಸೀರೆ, ಕುಕ್ಕರ್ ಕೊಟ್ಟು ಒಲಿಸಿಕೊಳ್ಳುವುದು ಸುಲಭವಲ್ಲ.

ಆ ಕಲಿಕೆ ಅರ್ಧಕ್ಕೇ ನಿಂತಿತು. 2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿ ಮುಗಿಯಿತು. ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ವಾರ್ಡುಗಳ ಸಂಖ್ಯೆ 243 ಆಯಿತು, 225 ಆಯಿತು, ಚುನಾವಣೆ ಮಾತ್ರ ಆಗಲಿಲ್ಲ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಒಡೆದು ಬೆಂಗಳೂರು ಉತ್ತರ ಸೇರಿ ಐದು ಪಾಲಿಕೆಗಳಾದ ದಿನ, ಒಂದರಲ್ಲೂ ಚುನಾಯಿತ ಸದಸ್ಯರಿರಲಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರದ ಮತದಾನ ಸುಮಾರು ಶೇಕಡ 54, ರಾಜ್ಯದ ಸರಾಸರಿ 70 ದಾಟಿತ್ತು. ಮತಪಟ್ಟಿಯ ದೋಷ, ಮನೆ ಬದಲಿಸುವ ಬಾಡಿಗೆದಾರರು, ಹೀಗೆ ಕಾರಣ ಹಲವು. ಮತ ಹಾಕಿದ ಮೇಲೆ ಕೇಳಲು ಹತ್ತಿರದಲ್ಲಿ ಯಾರೂ ಇಲ್ಲವೆಂಬ ಬೇಸರವೂ ಅವುಗಳಲ್ಲೊಂದು ಎಂದು ನಾನು ನಂಬಿದ್ದೇನೆ.

ಹೊಸ ಪಾಲಿಕೆಗಳಲ್ಲಿ ವಾರ್ಡು ಚಿಕ್ಕದಾದರೆ ಪ್ರತಿನಿಧಿ ಒಂದಷ್ಟು ಹತ್ತಿರ ಬರಬಹುದು. ಅಷ್ಟಕ್ಕೇ ಸುಮ್ಮನಾಗಬಾರದು. ಅವಧಿ ಮುಗಿಯುವ ಮೊದಲೇ ಚುನಾವಣೆ, ತಪ್ಪದೆ ವಾರ್ಡ್ ಸಮಿತಿ ಸಭೆ, ಆರು ತಿಂಗಳಿಗೊಮ್ಮೆ ಇಡೀ ವಾರ್ಡಿನ ಎದುರು ಖರ್ಚಿನ ಲೆಕ್ಕ ಓದುವ ಪದ್ಧತಿ ಬೇಕು. ಲೆಕ್ಕ ಕೇಳುವ ಈ ಹಕ್ಕು ನಗರ ಸೇರುವ ಮುಂಚೆ ಈ ಊರುಗಳಿಗೆ ಇದ್ದದ್ದೇ. ಹಿಂದಕ್ಕೆ ಕೇಳಿ ಪಡೆಯಬೇಕು.