ಬೀದಿಗೆ ಅಡ್ಡಲಾಗಿ ಒಂದು ಸೇತುವೆ

ನಾನು ಬಾಲಕನಾಗಿದ್ದಾಗ ರಾಜಾಜಿನಗರದ ನಮ್ಮ ಮನೆಯ ರೇಡಿಯೋಗೆ ಒಂದು ಲೈಸೆನ್ಸ್ ಪುಸ್ತಕವಿತ್ತು. ತಂದೆಯವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ, ಶುಲ್ಕ ಕಟ್ಟಿ ಬರುತ್ತಿದ್ದರು. ಹಾಡು ಕೇಳಲೂ ಸರ್ಕಾರದ ಅಪ್ಪಣೆಯೇ ಎಂದು ಇಂದಿನ ಮಕ್ಕಳು ನಗುತ್ತಾರೆ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಾಫಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಅಂಥ ಉಪಕರಣವನ್ನು ಇಟ್ಟುಕೊಳ್ಳುವುದೇ ಆಗ ಅಪರಾಧವಾಗಿತ್ತು. ಆ ಕಾಯಿದೆ ಬಂದ ಎರಡು ವರ್ಷಕ್ಕೆ, 1935ರಲ್ಲಿ, ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವ್ಯಾಟ್‌ನ ಯಂತ್ರವಿಟ್ಟು ಬಾನುಲಿ ಆರಂಭಿಸಿದ್ದನ್ನು ನೆನೆದರೆ ಈಗಲೂ ರೋಮಾಂಚನವಾಗುತ್ತದೆ.

ರೇಡಿಯೋ ಲೈಸೆನ್ಸ್ 1980ರ ದಶಕದಲ್ಲಿ ರದ್ದಾಯಿತು. ಕೇಳುವ ಸ್ವಾತಂತ್ರ್ಯ ಬಂದಿತು. ಕಳುಹಿಸುವ ಸ್ವಾತಂತ್ರ್ಯ ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 2005ರ ಜನವರಿ 28ರ ಅಧಿಸೂಚನೆಯು 2.4 ಗಿಗಾಹರ್ಟ್ಸ್ ತರಂಗಗಳನ್ನು ಹೊರಾಂಗಣದಲ್ಲಿಯೂ ಪರವಾನಗಿಯಿಂದ ಮುಕ್ತಗೊಳಿಸಿತು. ಷರತ್ತುಗಳು: ಯಂತ್ರದ ಶಕ್ತಿ 1 ವ್ಯಾಟ್ ಮೀರಕೂಡದು, ಆಂಟೆನಾ ಛಾವಣಿಯಿಂದ 5 ಮೀಟರ್‌ಗಿಂತ ಎತ್ತರವಿರಕೂಡದು. 5 ಗಿಗಾಹರ್ಟ್ಸ್‌ಗೆ ಹೊರಾಂಗಣದಲ್ಲಿ ಇಂಥದೇ ವಿಸ್ತೃತ ಮುಕ್ತಿ ದೊರೆತದ್ದು 2018ರ ಅಕ್ಟೋಬರಿನಲ್ಲಿ.

ಇದರ ಬೆಲೆ ನನಗೆ ತಿಳಿದದ್ದು 2020ರಲ್ಲಿ. ಶಾಲೆಗಳು ಮುಚ್ಚಿದ್ದವು. ಎದುರು ಮನೆಯ ನನ್ನ ತಂಗಿಯ ಮೊಮ್ಮಗಳಿಗೆ ಪಾಠವೆಲ್ಲ ಫೋನಿನಲ್ಲಿ. ಅವರಲ್ಲಿ ಇಂಟರ್‌ನೆಟ್ ಸಂಪರ್ಕವಿರಲಿಲ್ಲ. ಮಗು ಛತ್ರಿ ಹಿಡಿದು ನಮ್ಮ ಜಗಲಿಗೆ ಬಂದು ಕೂರುತ್ತಿತ್ತು. ಮೊದಲು ಬೀದಿಗೆ ಅಡ್ಡಲಾಗಿ ತಂತಿ ಎಳೆದೆವು. ಎರಡನೆಯ ವಾರವೇ ಕೊಂಬೆ ತುಂಬಿದ ಲಾರಿಯೊಂದು ಅದನ್ನು ಕಿತ್ತುಕೊಂಡು ಹೋಯಿತು.

ಆಗ ನನ್ನ ಹಳೆಯ ಶಿಷ್ಯನೊಬ್ಬ ಎರಡು ಆಕ್ಸೆಸ್ ಪಾಯಿಂಟ್‌ಗಳನ್ನು ತಂದು ಎರಡು ಮನೆಗಳ ಮಹಡಿಯ ಮೇಲೆ ಎದುರುಬದುರಾಗಿ ಕಟ್ಟಿದ. ನಮ್ಮ ಕಡೆಯದು ರೂಟರಿಗೆ ಜೋಡಿಸಿದ್ದು; ಆ ಕಡೆಯದು ಬ್ರಿಡ್ಜ್, ಅಂದರೆ ಸೇತುವೆ. ಅದು ತಾನಾಗಿ ಯಾರಿಗೂ ವಿಳಾಸ ಹಂಚುವುದಿಲ್ಲ. ಆ ಕೆಲಸ ನಮ್ಮ ಮನೆಯ ರೂಟರಿನದೇ. ಹೀಗಾಗಿ ಎರಡು ಮನೆಗೂ ಒಂದೇ ಜಾಲ. ಸಾಮಾನ್ಯ ವೈಫೈ ಪತ್ರದ ಮೇಲೆ ಮೂರು ವಿಳಾಸಗಳು ಸಾಕು. ಸೇತುವೆ ದಾಟುವ ಪತ್ರಕ್ಕೆ ನಾಲ್ಕು ಬೇಕು. ಬರೆದವರು, ಪಡೆಯುವವರು, ನಡುವಿನ ಎರಡು ಪೆಟ್ಟಿಗೆಗಳು. ನಮ್ಮ ಬೀದಿಯಲ್ಲಿ 2.4ರ ಸಂದಣಿ ವಿಪರೀತವಾದ್ದರಿಂದ 5 ಗಿಗಾಹರ್ಟ್ಸನ್ನು ಆರಿಸಿದೆವು.

ಒಂದು ತಪ್ಪು ನನ್ನದೇ. ಅಧಿಕಪ್ರಸಂಗಿಯಾಗಿ, ಮುಂದೆ ಆದೀತೆಂದು, ಕಿತ್ತುಹೋದ ತಂತಿಯನ್ನೂ ಮತ್ತೆ ಜೋಡಿಸಿಟ್ಟೆ. ಸಂದೇಶಗಳು ತಂತಿಯಲ್ಲಿ ಹೋಗಿ ಗಾಳಿಯಲ್ಲಿ ಮರಳಿ, ಗಾಣದೆತ್ತಿನಂತೆ ಸುತ್ತತೊಡಗಿ ಎರಡೂ ಮನೆಗಳ ಜಾಲ ನಿಂತುಹೋಯಿತು. ಇಂಥ ಸುತ್ತನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಉಪಾಯವನ್ನು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಮಹಿಳೆ 1985ರಲ್ಲಿಯೇ ರೂಪಿಸಿದ್ದರು. ನಮ್ಮ ಪೆಟ್ಟಿಗೆಗಳಲ್ಲಿ ಅದು ಚಾಲನೆಯಲ್ಲಿರಲಿಲ್ಲ, ಅಷ್ಟೆ. ತಂತಿ ತೆಗೆದೊಡನೆ ಎಲ್ಲವೂ ಸರಿಹೋಯಿತು. ಅಂದು ಮಗುವಿಗೆ ಗಣಿತದ ತರಗತಿ ತಪ್ಪಿತು. ಅದರಿಂದ ಅವಳಿಗೇನೂ ಬೇಸರವಾದಂತೆ ಕಾಣಲಿಲ್ಲ.

ಸೇತುವೆ ಇನ್ನೂ ಇದೆ. ನಮ್ಮ ತೆಂಗಿನ ಮರದ ಗರಿ ನಡುವೆ ಇಳಿಬಿದ್ದು, ಮಳೆಯಲ್ಲಿ ತೊಯ್ದಾಗ ಮಾತ್ರ ಸಂಪರ್ಕ ಕುಂಟುತ್ತದೆ. ಆಗ ತಂಗಿ ಎದುರು ಮಹಡಿಯಿಂದಲೇ ಕೂಗುತ್ತಾಳೆ: "ಅಣ್ಣಾ, ಗರಿ ಸವರಿಸಬೇಕು!"