ರಸದಾನಿ

ಸಸ್ಯಕೋಶದಲ್ಲಿ ಟೋನೋಪ್ಲಾಸ್ಟ್ ಎಂಬ ಒಂಟಿಪೊರೆಯೊಳಗೆ ರಸ ತುಂಬಿಕೊಂಡಿರುವ ಕಣದಂಗ. ಎಳೆಯ ಕೋಶದಲ್ಲಿ ಚಿಕ್ಕವು ಹಲವಿರುತ್ತವೆ. ಬಲಿತಂತೆ ಒಂದುಗೂಡಿ ಕೋಶದ ಶೇ. 90ರಷ್ಟು ಜಾಗವನ್ನೂ ಹಿಡಿಯಬಲ್ಲವು. ನಿಂಬೆಯ ಹುಳಿ, ಬೀಟ್‌ರೂಟಿನ ಕೆಂಪು ಇದರೊಳಗಿನವೇ.

ನೀರಿನ ಒತ್ತಡದಿಂದ ಗಿಡವನ್ನು ಸೆಟೆದು ನಿಲ್ಲಿಸುವುದು ಇದರ ದೊಡ್ಡ ಕೆಲಸ. ಈ ಒತ್ತಡದ ಏರಿಳಿತ ಕಾಣಲು ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಕಡೆ ರಸ್ತೆಬದಿಯ ಮಳೆಮರವನ್ನು ಸಂಜೆ ತಲೆಯೆತ್ತಿ ನೋಡಬೇಕು: ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಂಡು, ಕೊಂಬೆಗಳ ನಡುವೆ ಆಕಾಶ ಕಾಣತೊಡಗುತ್ತದೆ. ಎಲೆಬುಡದ ಪುಟ್ಟ ಉಬ್ಬಿನಲ್ಲಿ ಒಂದು ಬದಿಯ ರಸದಾನಿಗಳಿಂದ ಪೊಟ್ಯಾಸಿಯಂ, ಕ್ಲೋರೈಡ್ ಅಯಾನುಗಳು ಹೊರಬೀಳುತ್ತವೆ, ಬೆನ್ನಿಗೇ ನೀರು. ಆ ಬದಿ ಕುಗ್ಗುತ್ತದೆ, ಎದುರಿನದು ಉಬ್ಬುತ್ತದೆ. ಬೆಳಗಾಗುವಾಗ ಇದೇ ಕ್ರಿಯೆ ತಿರುಗುಮುರುಗು. ಎಲೆಯನ್ನು ಕತ್ತಲಲ್ಲಿಟ್ಟರೂ ಈ ಲಯ ಕೆಲಕಾಲ ನಡೆದೇ ಇರುತ್ತದೆ.