ಕುಂದಗೋಳದಾಗ ಬಂದ್ ಮಾಡಿದ್ರ ನವಲಗುಂದದಾಗ ನಿಂತಿತ್ತು!

ಬಹಳ ದಿನ ಆಯ್ತು ಇತ್ತ ಕಡೆ ಬರೆದು. ಮೊನ್ನೆ ಹಳೇ ಡೈರಿ ತಿರುವಿ ಹಾಕುವಾಗ ಒಂದು ಪುಟ ಸಿಕ್ಕಿತು. ನಡುವೆ ಒಂದು ಚೌಕ, ಅದರೊಳಗೆ ಹುಬ್ಬಳ್ಳಿ. ಚೌಕದಿಂದ ಹೊರಟ ನಾಲ್ಕು ಗೆರೆಗಳ ತುದಿಗೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ. ಕೆಳಗೆ ಕೆಂಪು ಇಂಕಿನಲ್ಲಿ "60 ಸೆಕೆಂಡು??" ಅಂತ ಬರೆದಿದ್ದೆ. ಆ ಎರಡು ಪ್ರಶ್ನೆ ಚಿಹ್ನೆಗಳ ಹಿಂದೆ ಒಂದು ಸಣ್ಣ ಇತಿಹಾಸ ಇದೆ. ಅದನ್ನೇ ಹೇಳೋಣ ಅಂತ.

ಒಬ್ಬರು ಹೇಳಿ ಹಲವರು ಕೇಳೋದು ನಮ್ಮ ಕಡೆ ಹೊಸದೇನಲ್ಲ. ಮೊದಲು ಡಂಗುರ ಇತ್ತು. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಶುರುವಾಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ 'ಸೈಟ್' ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಆ ಅದೃಷ್ಟ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳದ್ದು, ನಮ್ಮದಲ್ಲ :( ಮುಂದೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಸ್ಟುಡಿಯೋದಿಂದ ತಾಲ್ಲೂಕು ಪಂಚಾಯತಿಗಳಿಗೆ ಉಪಗ್ರಹದ ಮೂಲಕವೇ ತರಬೇತಿ ಕೊಡುವ ಪದ್ಧತಿ ಬಂತು. ಚಿತ್ರ ಮಾತ್ರ ಮೇಲಿಂದ ಇಳಿಯುತ್ತಿತ್ತು, ಪ್ರಶ್ನೆ ಕೇಳುವವರು ಫೋನ್ ಮಾಡಬೇಕಿತ್ತು.

ಇವೆಲ್ಲದರಲ್ಲಿ ಒಂದು ಸಂಗತಿ ಸಮಾನ. ಕೇಳುವವರು ಇದ್ದರೂ ಇಲ್ಲದಿದ್ದರೂ ಹೇಳುವವರು ಹೇಳುತ್ತಲೇ ಇರುತ್ತಾರೆ. ಕುಂದಗೋಳದಲ್ಲಿ ಯಾರೋ ರೇಡಿಯೋ ಬಂದ್ ಮಾಡಿದರೆ ನವಲಗುಂದದ ರೇಡಿಯೋ ನಿಲ್ಲೋದಿಲ್ಲ. ಆದರೆ ನಮ್ಮ ನೆಟ್‌ವರ್ಕಿನಲ್ಲಿ ಅದೇ ಆಯ್ತು ನೋಡಿ!

2007ರ ಮಾತು. ನಾನಾಗ ಹುಬ್ಬಳ್ಳಿಯ ಒಂದು ಸಂಸ್ಥೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಮೇಲೆ ಹೇಳಿದ ನಾಲ್ಕೂ ಊರಲ್ಲಿ ಅದರ ಶಾಖೆಗಳಿದ್ದವು. ಫ್ರೇಮ್ ರಿಲೇ ಲೈನು, ಎಲ್ಲವೂ ಹುಬ್ಬಳ್ಳಿಗೇ ಬಂದು ಸೇರುತ್ತಿದ್ದವು. ಸೈಕಲ್ ಗಾಲಿ ನೆನಪಿಸಿಕೊಳ್ಳಿ: ನಡುವಿನ ಹಬ್ಬು, ಅದರಿಂದ ಹೊರಟ ಸ್ಪೋಕುಗಳು. ಕಲಘಟಗಿಯಿಂದ ನವಲಗುಂದಕ್ಕೆ ಹೋಗೋರು ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುತ್ತಾರಲ್ಲ, ಹಾಗೇ. ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಸಿಬ್ಬಂದಿಗೆ ತರಬೇತಿ ವಿಡಿಯೋ ಹೋಗುತ್ತಿತ್ತು, ಮಲ್ಟಿಕಾಸ್ಟಿನಲ್ಲಿ.

ಮಲ್ಟಿಕಾಸ್ಟ್ ಅಂದರೆ ಪತ್ರಿಕೆಯ ಚಂದಾ ಇದ್ದಂತೆ. ಬೇಕು ಅಂದವರಿಗೆ ಮಾತ್ರ ಬರುತ್ತದೆ, ಸಾಕು ಅಂದರೆ ನಿಲ್ಲುತ್ತದೆ. ಸ್ಟ್ಯಾನ್‌ಫರ್ಡಿನಲ್ಲಿದ್ದ ಸ್ಟೀವ್ ಡೀರಿಂಗ್ 1989ರ ಆಗಸ್ಟಿನಲ್ಲಿ ಆರ್‌ಎಫ್‌ಸಿ 1112ರಲ್ಲಿ ಇದರ ನಿಯಮ ಬರೆದರು. 1997ರಲ್ಲಿ ಬಂದ ಆರ್‌ಎಫ್‌ಸಿ 2117 'ಪಿಮ್ ಸ್ಪಾರ್ಸ್ ಮೋಡ್' ವಿವರಿಸಿತು. ಅದರಲ್ಲಿ ರೂಟರುಗಳು "ಬೇಕು" ಅನ್ನೋದಕ್ಕೆ ಜಾಯಿನ್, "ಸಾಕು" ಅನ್ನೋದಕ್ಕೆ ಪ್ರೂನ್ ಸಂದೇಶ ಕಳಿಸುತ್ತವೆ.

ನವಲಗುಂದದಿಂದ ಫೋನ್ ಬರೋದು. "ಸರ್, ಚಿತ್ರ ನಿಂತ ಬಿಟ್ಟೈತ್ರೀ." ನಾನು ನೋಡುವಷ್ಟರಲ್ಲಿ, "ಈಗ ಬಂತ್ರಿ ಸರ್." ಹೀಗೆ ಮೂರು ವಾರ ಆಯ್ತು. ಲೈನು ಸರಿ ಇತ್ತು, ಪಿಂಗ್ ಸರಿ ಇತ್ತು. "ನೀವೇ ಏನೋ ಮುಟ್ಟಿರಬೇಕು, ಸುಮ್ನೆ ಕೈ ಹಚ್ಚಬ್ಯಾಡ್ರಿ" ಅಂತ ಆ ಹುಡುಗನಿಗೆ ಬೈದೆ. ಸಾಲದ್ದಕ್ಕೆ ಅವನ ಮೇಲಿನವರಿಗೂ ಹೇಳಿದೆ. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ನಾಲ್ಕನೇ ವಾರ ಅವನೇ ಫೋನ್ ಮಾಡಿದ. "ಸರ್, ಕುಂದಗೋಳ ಬ್ರ್ಯಾಂಚಿನ್ಯಾಗ ನಮ್ಮ ಮಾವನ ಮಗ ಅದಾನ್ರಿ. ಅಂವಾ ನೋಡೂದು ಬಂದ್ ಮಾಡಿದ ಕೂಡ್ಲೆ ನಮ್ಮಲ್ಲಿ ನಿಲ್ತೈತ್ರಿ. ಇಬ್ರೂ ಫೋನ್ ಹಚ್ಕೊಂಡು ನೋಡೇವ್ರಿ. ಒಂದ ನಿಮಿಷದಾಗ ತಾನ ಬರತೈತಿ."

ಒಂದು ನಿಮಿಷ! ಪಿಮ್ ಜಾಯಿನ್ ಸಂದೇಶ ಮರುಕಳಿಸೋದೇ 60 ಸೆಕೆಂಡಿಗೊಮ್ಮೆ. ಆಗ ಹೊಳೆಯಿತು.

ಈ ನಿಯಮಗಳು ಈಥರ್ನೆಟ್ಟಿನ ರೂಢಿಯಲ್ಲಿ ಬೆಳೆದವು. ಒಂದೇ ತಂತಿಯ ಮೇಲೆ ಎಲ್ಲರ ಮಾತು ಎಲ್ಲರಿಗೂ ಕೇಳುತ್ತದೆ. ಒಬ್ಬ "ಸಾಕು" ಅಂದರೆ ಮೇಲಿನ ರೂಟರು ಮೂರು ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಪಕ್ಕದವ ಅದನ್ನು ಕೇಳಿಸಿಕೊಂಡು "ತಡೀರಿ, ನನಗಿನ್ನೂ ಬೇಕು" ಅನ್ನಬೇಕು. ನಮ್ಮಲ್ಲಿ ಕುಂದಗೋಳದ "ಸಾಕು" ಹುಬ್ಬಳ್ಳಿಗೆ ಮಾತ್ರ ಕೇಳುತ್ತಿತ್ತು. ನವಲಗುಂದಕ್ಕೆ ಕೇಳಿಸದ ಮೇಲೆ ಅದು ತಡೀರಿ ಅನ್ನೋದು ಹೇಗೆ? ನಾಲ್ಕೂ ಊರು ಹುಬ್ಬಳ್ಳಿ ರೂಟರಿನ ಒಂದೇ ಇಂಟರ್ಫೇಸಿನಲ್ಲಿದ್ದವು. ಯಾರೂ ತಕರಾರು ಮಾಡಲಿಲ್ಲ ಅಂತ ಅದು ಆ ಇಂಟರ್ಫೇಸಿಗೇ ವಿಡಿಯೋ ನಿಲ್ಲಿಸುತ್ತಿತ್ತು. ಮುಂದಿನ ಜಾಯಿನ್ ಬಂದಾಗ ಮತ್ತೆ ಶುರು. ಕಲಘಟಗಿ, ಅಣ್ಣಿಗೇರಿಯಲ್ಲೂ ನಿಂತಿರಬೇಕು, ಆದರೆ ಅಲ್ಲಿಯವರು ಯಾರೂ ಫೋನ್ ಮಾಡಿರಲಿಲ್ಲ!

ಪರಿಹಾರ ಒಂದೇ ಸಾಲಿನದು. ಹಬ್ ರೂಟರಿನ ಆ ಇಂಟರ್ಫೇಸಿಗೆ ಪಿಮ್ 'ಎನ್‌ಬಿಎಂಎ ಮೋಡ್' ಹಾಕಿದೆ. ಆಮೇಲೆ ಅದು ಇಂಟರ್ಫೇಸಿನ ಲೆಕ್ಕ ಬಿಟ್ಟು, ಯಾರು ಬೇಕು ಅಂದರು, ಯಾರು ಸಾಕು ಅಂದರು ಅಂತ ಊರೂರಿನ ಲೆಕ್ಕ ಇಡತೊಡಗಿತು. ಇದು ಸ್ಪಾರ್ಸ್ ಮೋಡಿನಲ್ಲಿ ಮಾತ್ರ ನಡೆಯುತ್ತದೆ. ಬೇಕಾದ ಒಂದೊಂದು ಊರಿಗೂ ಹಬ್ಬೇ ಬೇರೆ ಬೇರೆ ಪ್ರತಿ ಮಾಡಿ ಕಳಿಸಬೇಕು. ನಾಲ್ಕು ಊರಿಗೆ ಅದೇನು ಹೊರೆಯಲ್ಲ, ನಾನೂರಾದರೆ ಯೋಚಿಸಬೇಕು.

ಅವನ ಮೇಲಿನವರಿಗೆ ಮತ್ತೆ ಫೋನ್ ಮಾಡಿ "ತಪ್ಪು ನನ್ನದು" ಅಂದೆ. ಆಮೇಲೆ ನವಲಗುಂದಕ್ಕೆ ಹೋಗಿ ಅವನ ಮುಂದೂ ಹೇಳಿದೆ. "ಇರ್ಲಿ ಬಿಡ್ರಿ ಸರ್, ಚಾ ಕುಡೀರಿ" ಅಂದ ಅಷ್ಟೆ.

ಈಗ ಫ್ರೇಮ್ ರಿಲೇ ಕಾಲ ಮುಗಿಯಿತು. ಆದರೆ ನಡುವೆ ಒಬ್ಬ, ಸುತ್ತ ಹಲವರು ಅನ್ನುವ ಏರ್ಪಾಡು ಇನ್ನೂ ಇದೆ, ಈ ತೊಂದರೆಯೂ ಅದರ ಜೊತೆಗೇ ಇದೆ. ಹಬ್ಬಿನಲ್ಲಿ ಕೂತವನಿಗೆ ಎಲ್ಲವೂ ಕಾಣುತ್ತದೆ ಅಂದುಕೊಂಡಿದ್ದೆ. ದೋಷ ಸಿಕ್ಕಿದ್ದು ಎರಡು ಸ್ಪೋಕುಗಳು ನನ್ನನ್ನು ಬಿಟ್ಟು ತಮ್ಮ ತಮ್ಮಲ್ಲೇ ಮಾತಾಡಿಕೊಂಡಾಗ! ನಿಮಗೂ ಇಂಥ ಅನುಭವ ಆಗಿದ್ದರೆ ಹೇಳ್ರಲ್ಲ...